ಊರಿನ ಶಾಸನಕ್ಕೆ ರಾಜ್ಯೋತ್ಸವದಂದು ಬಣ್ಣ ತುಂಬಬಹುದೇ?

ಪ್ರಶ್ನೆ: ನಮ್ಮೂರಿನ ಈಶ್ವರ ದೇವಸ್ಥಾನದ ಹಿಂದೆ ಎದೆಯೆತ್ತರದ ಶಾಸನದ ಕಲ್ಲೊಂದಿದೆ. ನವೆಂಬರ್ 1ರಂದು ಯುವಕ ಸಂಘದಿಂದ ‘ನಮ್ಮೂರ ಚರಿತ್ರೆ’ ಎಂಬ ಕಾರ್ಯಕ್ರಮ ನಡೆಸಿ, ಕಲ್ಲನ್ನು ಆಸಿಡ್ ಹಾಕಿ ತೊಳೆಸಿ, ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಿಸಿ, ಬಸ್ ನಿಲ್ದಾಣದ ಎದುರಿನ ಗ್ರಾನೈಟ್ ಪೀಠದ ಮೇಲೆ ನಿಲ್ಲಿಸಬೇಕೆಂದಿದ್ದೇವೆ. ಭಾಷಣಕ್ಕಾಗಿ ಶಾಸನದ ಮಹತ್ವವನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡುವಿರಾ?

ಉತ್ತರ: ದಸರೆ ಮುಗಿಯುತ್ತಿದ್ದಂತೆ ಇಂಥ ಪತ್ರಗಳು ಬರತೊಡಗುತ್ತವೆ. ಊರು ಬೇರೆ, ಸಂಘ ಬೇರೆ. ಆಸಿಡ್, ಬಣ್ಣ, ಪೀಠ ಮಾತ್ರ ಎಲ್ಲದರಲ್ಲೂ ಇರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ದಣಿದಿರುವುದರಿಂದ ಈ ಸಲ ಎಲ್ಲರಿಗೂ ಸೇರಿಸಿ ಹೇಳಿಬಿಡುತ್ತೇನೆ: ಬಣ್ಣ ಬೇಡ, ಆಸಿಡ್ ಬೇಡ, ಕಲ್ಲನ್ನು ಕೀಳುವುದಂತೂ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ಕಲ್ಲಿನ ಎತ್ತರವಿದೆ, ಪೀಠದ ಅಳತೆಯಿದೆ, ವೇದಿಕೆಯ ಮೇಲೆ ಕೂರುವವರ ಪಟ್ಟಿಯಿದೆ. ಕಲ್ಲಿನಲ್ಲಿ ಏನು ಬರೆದಿದೆ ಎಂಬುದೊಂದು ಮಾತ್ರ ಇಲ್ಲ. ಓದದೆಯೇ ಮಹತ್ವ ಬರೆದುಕೊಡುವ ವಿದ್ಯೆ ನನಗೆ ತಿಳಿಯದು.

ಶಾಸನವನ್ನು ಓದುವವರು ಯಾರೂ ಇಲ್ಲವೆಂದು ನೀವು ಭಾವಿಸಿದಂತಿದೆ. ನಿಮ್ಮ ಕಲ್ಲನ್ನು ನೂರು ವರ್ಷಗಳ ಹಿಂದೆಯೇ ಯಾರೋ ಓದಿ ಅಚ್ಚು ಹಾಕಿಸಿರುವ ಸಾಧ್ಯತೆ ಬಹಳ ಹೆಚ್ಚು. ಮೈಸೂರು ಸಂಸ್ಥಾನದ ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅದರ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಮುಂಬಯಿ ಕರ್ನಾಟಕದವರು, ಎಂದರೆ ಈಗಿನ ಕಿತ್ತೂರು ಕರ್ನಾಟಕದವರು, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ಹುಡುಕುವಾಗ ಒಂದು ಎಚ್ಚರಿಕೆ ಇರಲಿ: ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುತ್ತಾರೆ, ಮತ್ತು ನಿಮ್ಮೂರು ಇಂದಿರುವ ತಾಲ್ಲೂಕಿನಲ್ಲೇ ರೈಸರ ಕಾಲದಲ್ಲೂ ಇತ್ತೆಂಬ ಭರವಸೆಯಿಲ್ಲ. ನೆರೆಯ ತಾಲ್ಲೂಕುಗಳ ಪುಟಗಳನ್ನೂ ತಿರುವಿಹಾಕಿ. ಎಲ್ಲಿಯೂ ಸಿಗದಿದ್ದರೆ ಮಾತ್ರ ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೋ ರಾಜ್ಯದ ಪುರಾತತ್ತ್ವ ಇಲಾಖೆಗೋ ಬರೆಯಿರಿ. ಜೊತೆಗೆ ಒಳ್ಳೆಯ ಚಿತ್ರ ಕಳುಹಿಸಿ: ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ತೆಗೆದ ಚಿತ್ರ, ನಡುಹಗಲಿನಲ್ಲಿ ಎದುರಿನಿಂದ ತೆಗೆದ ಹತ್ತು ಚಿತ್ರಗಳಿಗಿಂತ ಮೇಲು.

ಇನ್ನು ಬಣ್ಣದ ವಿಷಯ. ಕೆಲವು ವರ್ಷಗಳ ಹಿಂದೆ ಒಂದೂರಿಗೆ ಪಡಿಯಚ್ಚು ತೆಗೆಯಲು ಹೋಗಿದ್ದೆ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ ಬ್ರಷ್‌ನಿಂದ ಬಡಿದರೆ ಅದು ಅಕ್ಷರದ ತಗ್ಗಿನೊಳಗೆ ಇಳಿಯಬೇಕು. ಆಮೇಲೆ ಮಸಿಯ ಉಂಡೆ ಒತ್ತಿದಾಗ ಮೇಲ್ಮೈ ಕಪ್ಪಾಗಿ ತಗ್ಗು ಬೆಳ್ಳಗೆ ಉಳಿಯುತ್ತದೆ. ಅಲ್ಲಿ ತಗ್ಗೇ ಇರಲಿಲ್ಲ, ಎನಾಮೆಲ್ ಬಣ್ಣ ತುಂಬಿ ಗಟ್ಟಿಯಾಗಿತ್ತು. ಬಣ್ಣ ತುಂಬಿದವನು ಅಂಗಡಿಯ ಬೋರ್ಡು ಬರೆಯುವ ಹುಡುಗ. ಅವನದು ತಪ್ಪಲ್ಲ, ಕಂಡಂತೆ ತೀಡಿದ್ದ. ಸವೆದ ಕಲ್ಲಿನಲ್ಲಿ ಹಳೆಯ ಮ ಮತ್ತು ವ ಒಂದರಂತೆ ಮತ್ತೊಂದು ಕಾಣುತ್ತವೆ. ಹೀಗಾಗಿ ತುರುಗೊಳ್ ಕಾಳಗದಲ್ಲಿ, ಎಂದರೆ ದನ ಹೊಡೆದುಕೊಂಡು ಹೋಗುವವರೊಡನೆ ನಡೆದ ಹೋರಾಟದಲ್ಲಿ, ಸತ್ತ ಮಾರಗಾವುಂಡನು ವಾರಗಾವುಂಡನಾಗಿದ್ದ. ಮರುವರ್ಷದ ರಾಜ್ಯೋತ್ಸವದ ಭಾಷಣದಲ್ಲಿ ಆತ ಊರಿನ ವಾರದ ಸಂತೆಯನ್ನು ಆರಂಭಿಸಿದ ಮಹನೀಯನೆಂದು ಯಾರೋ ಹೇಳಿದರು; ನಾನು ಹೋಗುವ ವೇಳೆಗೆ ಸಂತೆ ಮೈದಾನದಲ್ಲಿ ಅವನ ಹೆಸರಿನ ಕಮಾನು ಎದ್ದಿತ್ತು. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಪ್ರಾಣ ಬಿಟ್ಟವನ ಕಥೆಯನ್ನು ಅವನೂರಿನವರೇ ಮರೆತಿದ್ದರು. ಬಣ್ಣ ಕೀಳಿಸಬೇಕೆಂದು ನಾನು ಹೇಳಿದ್ದಕ್ಕೆ, ಕಮಾನಿಗೆ ಎಷ್ಟು ಖರ್ಚಾಗಿದೆ ಗೊತ್ತೇ ಎಂದು ಕೇಳಿದರು.

ಆಸಿಡ್ ಇನ್ನೂ ಕೆಟ್ಟದ್ದು. ಕಲಬುರಗಿಯ ಕಡೆಯ ಸುಣ್ಣಕಲ್ಲಿನ ಮೇಲೆ ಅದನ್ನು ಸುರಿದರೆ ನೊರೆ ಬರುತ್ತದೆ, ಕೊಳೆ ಹೋಯಿತೆಂದು ಸುತ್ತ ನಿಂತವರು ಸಂತೋಷಪಡುತ್ತಾರೆ. ನೊರೆಯಾಗಿ ಹರಿದುಹೋಗುತ್ತಿರುವುದು ಅಕ್ಷರ. ಎಣ್ಣೆ, ಅರಿಶಿನ, ಸುಣ್ಣವೂ ಬೇಡ. ನೀರು, ಮೆತ್ತನೆಯ ನಾರಿನ ಬ್ರಷ್ ಮತ್ತು ತಾಳ್ಮೆ ಸಾಕು. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಥಳವಾಗಿದ್ದರೆ ಇಲಾಖೆಯನ್ನು ಕೇಳದೆ ಇದನ್ನೂ ಮಾಡಬೇಡಿ.

ಕಲ್ಲನ್ನು ಕೀಳಬಾರದೇಕೆಂದು ಹಲವರು ವಾದಕ್ಕೆ ಬರುತ್ತಾರೆ. ದಾನಶಾಸನವಾಗಿದ್ದರೆ ಅದರಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಭೂಮಿಯ ಎಲ್ಲೆ ಹೇಳಿರುತ್ತದೆ: ಇಂಥ ಕೆರೆಯ ಕೋಡಿ, ಇಂಥ ಹುಣಸೆಯ ಮರ, ಇಂಥ ಹಳ್ಳ. ಬಸ್ ನಿಲ್ದಾಣದ ಎದುರು ನಿಂತ ಕಲ್ಲು ಯಾವ ಕೆರೆಯ ಮಾತನ್ನೂ ಆಡಲಾರದು. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಾಗ ಬಡಾವಣೆಯ ಜನರ ಆಸಕ್ತಿಯಿಂದ ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪವಾಯಿತು. ಸುಮಾರು 750ನೆಯ ಇಸವಿಯ, ಗಂಗ ದೊರೆ ಶ್ರೀಪುರುಷನ ಕಾಲದ ಆ ಕಲ್ಲು ತನ್ನ ಊರಿನಲ್ಲೇ ಉಳಿಯಿತು. ಆತಕೂರಿನ ಪ್ರಸಿದ್ಧ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ, ಸುರಕ್ಷಿತವಾಗಿಯೂ ಇದೆ, ನಿಜ. ಆದರೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗಾಗಿ ನಿಲ್ಲಿಸಿದ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದು ಅಲ್ಲಿನ ಗೊರವನಿಗೆ (ಶಿವಾಲಯದ ಅರ್ಚಕನಿಗೆ) ವಿಧಿಸಿದ ಮಾತು, ಗಾಜಿನ ಬಾಗಿಲಿನ ಕಟ್ಟಡದಲ್ಲಿ ಓದುವಾಗ ನನಗೆ ಪ್ರತಿ ಸಲವೂ ಕಸಿವಿಸಿಯಾಗುತ್ತದೆ.

ಹಾಗಾದರೆ ಕಾರ್ಯಕ್ರಮವೇ ಬೇಡವೇ ಎಂದು ಕೇಳಬೇಡಿ, ಬೇಕು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ವಿದ್ವಾಂಸರ ಲೇಖನಗಳ ಸ್ಮರಣ ಸಂಪುಟವೊಂದು ಹೊರಬಂದಿತು, ನಾವು ಇಂದಿಗೂ ಅದನ್ನು ತೆರೆಯುತ್ತೇವೆ. ನಿಮ್ಮಿಂದ ಸಂಪುಟವನ್ನು ಯಾರೂ ಕೇಳುತ್ತಿಲ್ಲ. ಸಂಜೆ ಏಳಕ್ಕೆ ಕಲ್ಲಿನ ಮುಂದೆ ಜಮಖಾನ ಹಾಸಿ, ಟಾರ್ಚ್ ಹಿಡಿದು, ಅಚ್ಚಾದ ಪಾಠವನ್ನು ಸಾಲುಸಾಲಾಗಿ ಓದಿಸಿ. ಕಡೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶಾಪದ ಶ್ಲೋಕವಿದ್ದರೆ ಅದರ ಅರ್ಥವನ್ನು ಮುಚ್ಚಿಡದೆ ಹೇಳಿ. ದಾನದ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬುದು ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಕೆರೆಯಂಗಳ ಒತ್ತುವರಿ ಮಾಡಿದವರಿಗೆ ಅಷ್ಟಾಗಿ ಆಗುವುದಿಲ್ಲ. ಮರುದಿನ ಬೆಳಗ್ಗೆ ದನ ಕಾಯುವ ಹಿರಿಯರನ್ನು ಮುಂದಿಟ್ಟುಕೊಂಡು ಶಾಸನ ಹೇಳುವ ಎಲ್ಲೆಯನ್ನು ಸುತ್ತಿ ಬನ್ನಿ. ಪಹಣಿಯಲ್ಲಿ ಸರ್ವೆ ನಂಬರಷ್ಟೇ ಇರುವ ಹೊಲಕ್ಕೆ ಅವರು ಎಷ್ಟೋ ಸಲ ಶಾಸನದಲ್ಲಿರುವ ಹೆಸರನ್ನೇ ಹೇಳುತ್ತಾರೆ. ಆ ಹೆಸರುಗಳನ್ನು ಹೇಳಿದವರ ಬಾಯಿಂದ ಕೇಳಿದಂತೆಯೇ ಬರೆದುಕೊಳ್ಳಿ, ನಿಮ್ಮ ಸಂಘದ ಪಂಡಿತರಿಂದ ‘ಶುದ್ಧ’ ಮಾಡಿಸಬೇಡಿ.

ಉಳಿದ ಪತ್ರಗಳಿಗೆ ಇಷ್ಟು ಜಾಗ ಕೊಡಲಾರೆ.

ಕಲ್ಲಿನ ಮೇಲೆ ಸೂರ್ಯ, ಚಂದ್ರ, ಹಸು, ಕರು ಇವೆ, ಅಡಿಯಲ್ಲಿ ನಿಧಿಯಿದೆಯೇ ಎಂದು ಮೂವರು ಕೇಳಿದ್ದಾರೆ. ಇಲ್ಲ. ಸೂರ್ಯಚಂದ್ರರಿರುವ ತನಕ ದಾನ ನಡೆಯಲಿ ಎಂಬುದು ಅದರ ಅರ್ಥ. ಅಂಜನ ಹಾಕಿ ಕೊಪ್ಪರಿಗೆ ತೋರಿಸುವವರ ಮಾತು ನಂಬಿ ಅಮಾವಾಸ್ಯೆಯ ರಾತ್ರಿ ಒಡೆದ ವೀರಗಲ್ಲುಗಳ ಚೂರುಗಳನ್ನು ನಾನು ಆಯ್ದಿದ್ದೇನೆ. ಒಂದರ ಕೆಳಗೂ ಮಣ್ಣಲ್ಲದೆ ಬೇರೇನೂ ಇರಲಿಲ್ಲ. ಒಂದು ವೇಳೆ ಏನಾದರೂ ಸಿಕ್ಕರೂ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ.

ಬೆಂಗಳೂರಿಗೆ ಹೆಸರು ಬಂದದ್ದು ಹೊಯ್ಸಳ ದೊರೆ ತಿಂದ ಬೆಂದ ಕಾಳಿನಿಂದಲ್ಲವೇ? ಅಲ್ಲ. ಸುಮಾರು 900ರ ಹೊತ್ತಿನ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗುಳೂರ’ ಕಾಳಗದ ಉಲ್ಲೇಖವಿದೆ; ಆಗ ಕಾಳು ತಿನ್ನಲು ಹೊಯ್ಸಳ ದೊರೆಯೇ ಇರಲಿಲ್ಲ.

ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು, ಹಲ್ಮಿಡಿ ಮೊದಲೋ, ತಾಳಗುಂದ ಮೊದಲೋ? ಎರಡನ್ನೂ ಓದಿದ ಮೇಲೆ ಬರೆಯಿರಿ, ಮಾತಾಡೋಣ.

ತಮ್ಮ ಮನೆತನ ಕದಂಬರದೆಂದು ಪ್ರಮಾಣಪತ್ರ ಕೇಳಿದ ಮಹನೀಯರಿಗೆ: ನಾನು ಅಂಥ ಪತ್ರ ಕೊಡುವುದಿಲ್ಲ, ಹಣ ಪಡೆದು ಕೊಡುವವರ ವಿಳಾಸವನ್ನೂ ಕೊಡುವುದಿಲ್ಲ.