ಒಡೆಯುವುದಾದರೆ ಎಲ್ಲಿ ಒಡೆಯಬೇಕು?

ಸ್ಪರ್ಧಾ ಕಾನೂನಿನ (ಮಾರುಕಟ್ಟೆಯಲ್ಲಿ ಒಂದೇ ಕಂಪನಿ ದಬ್ಬಾಳಿಕೆ ಮಾಡದಂತೆ ತಡೆಯುವ ಕಾನೂನಿನ) ವಕೀಲರು ಓದುಗರಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಗೂಗಲ್ ಎಲ್ಲವನ್ನೂ ಪುಕ್ಕಟೆ ಕೊಡುತ್ತದೆ. ನಮಗೇನೂ ನಷ್ಟ ಇಲ್ಲ. ಮತ್ಯಾಕೆ ಸರ್ಕಾರಗಳು ಅದನ್ನು ಒಡೆಯಬೇಕು?

ಉತ್ತರ: ಈ ‘ಪುಕ್ಕಟೆ’ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಹುಡುಕುವ ನಿಮಗೆ ಪುಕ್ಕಟೆ, ನಿಜ. ಜಾಹೀರಾತು ಕೊಡುವ ಅಂಗಡಿಯವರಿಗೆ ಅಲ್ಲ. ಆ ಜಾಹೀರಾತನ್ನೇ ನಂಬಿ ನಡೆಯುವ ಪತ್ರಿಕೆಗೂ ಅಲ್ಲ.

ಜಾಹೀರಾತಿರುವ ಯಾವುದಾದರೂ ಸುದ್ದಿ ತಾಣ ತೆರೆಯಿರಿ. ಮೇಲ್ಗಡೆ ಒಂದು ಖಾಲಿ ಚೌಕ ಕಾಣುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಕುಕ್ಕರ್ ಜಾಹೀರಾತು ಬಂದು ಕೂರುತ್ತದೆ. ಅಷ್ಟರೊಳಗೆ ಒಂದು ಹರಾಜು ಮುಗಿದಿರುತ್ತದೆ. ಚೌಕವನ್ನು ಮಾರಾಟಕ್ಕೆ ಇಡುವ ಸಾಫ್ಟ್‌ವೇರ್ ಬಹಳ ಕಡೆ ಗೂಗಲ್‌ನದು. ಹರಾಜು ನಡೆಯುವ ಜಾಗವೂ ಅದರದೇ. ಕೊಳ್ಳುವವರ ಪರವಾಗಿ ಬೆಲೆ ಕೂಗುವ ಸಾಧನವೂ ಎಷ್ಟೋ ಸಲ ಅದರದೇ. ಹರಾಜಿನ ಜಾಗಕ್ಕೆ ಅಂತ 100 ರೂಪಾಯಿಗೆ ಸುಮಾರು 20 ರೂಪಾಯಿ ಮುರಿದುಕೊಳ್ಳುತ್ತಿತ್ತು ಎಂಬುದು ಕೋರ್ಟಿನಲ್ಲೇ ಬಯಲಾಗಿದೆ.

ಶಿವಮೊಗ್ಗದ ಅಡಿಕೆ ಮಂಡಿಯನ್ನು ನೆನೆಸಿಕೊಳ್ಳಿ. ನಿಮ್ಮ ಮಾಲು ಮಾರಿಕೊಡುವವನು, ಎದುರು ನಿಂತು ಬೆಲೆ ಕಟ್ಟುವವನು, ತೂಕ ಹಾಕುವವನು, ಮೂವರೂ ಒಬ್ಬನೇ ಆದರೆ ಅಲ್ಲಿ ಮೂಟೆ ಇಳಿಸುತ್ತೀರಾ?

ಅಮೆರಿಕದ ನ್ಯಾಯಾಧೀಶೆ ಲಿಯೊನಿ ಬ್ರಿಂಕೆಮಾ 2025ರ ಏಪ್ರಿಲ್‌ನಲ್ಲಿ ಇದರ ತೀರ್ಪು ಕೊಟ್ಟರು. ಮಾರುವವರ ಸಾಫ್ಟ್‌ವೇರನ್ನೂ ಹರಾಜಿನ ಜಾಗವನ್ನೂ ಗೂಗಲ್ ಅಕ್ರಮವಾಗಿ ಒಂದಕ್ಕೊಂದು ಗಂಟು ಹಾಕಿದೆ ಅಂದರು. ಕೊಳ್ಳುವವರ ಕಡೆಯ ಆರೋಪ ಸಾಬೀತಾಗಲಿಲ್ಲ. ಇಂಥ ಗಂಟನ್ನು ಬಿಚ್ಚಲೇಬೇಕು, ಎರಡನ್ನೂ ಬೇರೆ ಬೇರೆ ಮಾಲೀಕರ ಕೈಗೆ ಕೊಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದಂಡ ಹಾಕಿದರೆ ಸಾಲದು. ಆಂಡ್ರಾಯ್ಡ್ ವಿಷಯದಲ್ಲಿ ನಮ್ಮ ಸ್ಪರ್ಧಾ ಆಯೋಗ 2022ರಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಅದೇ ವರ್ಷ ಐಫೋನ್‌ನ ಸಫಾರಿಯಲ್ಲಿ ತನ್ನ ಹುಡುಕಾಟವೇ ಮೊದಲಿರಲಿ ಅಂತ ಗೂಗಲ್ ಆಪಲ್‌ಗೆ ಕೊಟ್ಟಿದ್ದು 2,000 ಕೋಟಿ ಡಾಲರ್! ಇಂಥವರಿಗೆ ದಂಡ ಯಾವ ಲೆಕ್ಕ?

ಹಾಗಂತ ಕಂಡಿದ್ದನ್ನೆಲ್ಲ ಒಡೆಯಿರಿ ಅಂತ ನಾನು ಹೇಳುವುದಿಲ್ಲ. ಹುಡುಕಾಟದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರಲ್ಲಿ ಗೂಗಲ್ ಏಕಸ್ವಾಮ್ಯ ಕಂಪನಿ ಅಂದರು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಮಾರಿಸಲು ಒಪ್ಪಲಿಲ್ಲ. ಅದು ಸರಿಯೇ. ಬೀಗ ಇದ್ದದ್ದು ಕ್ರೋಮ್‌ನಲ್ಲಲ್ಲ, ಆಪಲ್‌ನಂಥವರ ಜೊತೆಗಿನ ಒಪ್ಪಂದಗಳಲ್ಲಿ. ‘ನಮ್ಮದನ್ನು ಮಾತ್ರ ಇಡಿ’ ಅನ್ನುವ ಒಪ್ಪಂದಕ್ಕೆ ತಡೆ ಹಾಕಿದರು, ಒಂದಷ್ಟು ಡೇಟಾ ಎದುರಾಳಿಗಳಿಗೆ ಕೊಡಿ ಅಂದರು. ಆದರೆ ಮೊದಲ ಜಾಗಕ್ಕಾಗಿ ದುಡ್ಡು ಕೊಡುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಅಲ್ಲೇ ಎಡವಿದರು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸರ್ಚ್ ಎಂಜಿನ್ ಬದಲಾಯಿಸಿದವರು ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

ನನಗಿರುವ ಭಯ ಒಂದೇ, ತಡ. ಮೈಕ್ರೋಸಾಫ್ಟನ್ನು ಎರಡು ಮಾಡಿ ಅಂತ 2000ದಲ್ಲಿ ಆದೇಶ ಆಯಿತು. 2001ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಇಷ್ಟೆಲ್ಲ ಎಳೆದಾಡುವಷ್ಟರಲ್ಲಿ ಸಣ್ಣ ಎದುರಾಳಿ ಅಂಗಡಿ ಮುಚ್ಚಿರುತ್ತಾನೆ.

ಪ್ರಶ್ನೆ: ಗೂಗಲ್ ಒಡೆದರೆ ನನ್ನ ಜಿಮೇಲ್, ಫೋಟೋ ಎಲ್ಲ ಹೋಗುತ್ತವಾ?

ಉತ್ತರ: ಇಲ್ಲ. 1984ರಲ್ಲಿ ಎಟಿ ಅಂಡ್ ಟಿ ಒಡೆದು ಅದರ ಸ್ಥಳೀಯ ಫೋನ್ ಸೇವೆ ಏಳು ಕಂಪನಿಗಳ ಪಾಲಾದಾಗಲೂ ಅಮೆರಿಕದ ಮನೆಗಳಲ್ಲಿ ಫೋನ್ ರಿಂಗಾಗುತ್ತಲೇ ಇತ್ತು. ಆದರೂ ಫೋಟೋಗಳ ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿರಲಿ. ನಾನು ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಭಾರತದಲ್ಲಿ ಇದಕ್ಕೆ ಕಾನೂನೇ ಇಲ್ಲ ಅಲ್ವಾ?

ಉತ್ತರ: ಇದೆ. ಸ್ಪರ್ಧಾ ಕಾಯ್ದೆ 2002ರಲ್ಲಿ ಕಂಪನಿ ಒಡೆಯುವ ಬಗ್ಗೆಯೇ ಇರುವ ಸೆಕ್ಷನ್ 28 ಓದಿ.

ಪ್ರಶ್ನೆ: ‘ಸ್ಟ್ಯಾಂಡರ್ಡ್ ಆಯಿಲ್ ಒಡೆದಾಗ ಅದರ ಒಡೆಯ ರಾಕ್‌ಫೆಲರ್ ಇನ್ನೂ ಶ್ರೀಮಂತನಾದ, ಈಗಲೇ ಗೂಗಲ್ ಷೇರು ಕೊಳ್ಳಿ’ ಅಂತ ಟೆಲಿಗ್ರಾಂ ಗುಂಪಿನಲ್ಲಿ ಹೇಳುತ್ತಾರೆ. ನಂಬಬಹುದಾ?

ಉತ್ತರ: 1911ರ ಎಣ್ಣೆ ಕಂಪನಿಯ ಕತೆ ಹೇಳಿ ಇವತ್ತು ನಿಮ್ಮ ಜೇಬಿಗೆ ಕೈ ಹಾಕುತ್ತಿದ್ದಾರೆ. ಆ ಗುಂಪಿನಿಂದ ಈಗಲೇ ಹೊರಗೆ ಬನ್ನಿ.

ಪ್ರಶ್ನೆ: ನನ್ನದೊಂದು ಸಣ್ಣ ಆ್ಯಪ್. ಗೂಗಲ್‌ಗೆ ಕಮಿಷನ್ ಕೊಟ್ಟು ಸಾಕಾಗಿದೆ. ದೂರು ಕೊಡಬಹುದಾ?

ಉತ್ತರ: ಖಂಡಿತ. ಸ್ಪರ್ಧಾ ಆಯೋಗಕ್ಕೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಹೆಸರು ಗುಟ್ಟಾಗಿರಲಿ ಅಂತಲೂ ಕೇಳಿಕೊಳ್ಳಬಹುದು. ಅಲ್ಲಿಯವರೆಗೆ ಒಂದು ಬಿಲ್ಲನ್ನೂ, ಒಂದು ಮೇಲನ್ನೂ ಅಳಿಸಬೇಡಿ.