ಬಡ ಬಡಾವಣೆಯ ಹುಡುಗಿಯರಿಗೆ ಲೈಂಗಿಕ ಆರೋಗ್ಯದ ಕಾರ್ಯಕ್ರಮ: ಎಲ್ಲಿಂದ ಶುರು ಮಾಡಬೇಕು?

ನಗರದ ಒಂದು ಬಡ ಬಡಾವಣೆಯಲ್ಲಿ ಹದಿಹರೆಯದ ಹುಡುಗಿಯರಿಗಾಗಿ ನೀವು ಕೆಲವು ಗೆಳತಿಯರು ಸೇರಿ ಕಾರ್ಯಕ್ರಮ ಶುರು ಮಾಡಬೇಕು ಅಂತಿದ್ದೀರಿ. ತಿಂಗಳಿಗೊಮ್ಮೆ ಡಾಕ್ಟರನ್ನು ಕರೆಸಿ ಭಾಷಣ ಮಾಡಿಸಿ ಪ್ಯಾಡ್ ಹಂಚಿದರೆ ಸಾಕಾ, ತಾಯಂದಿರು ಒಪ್ಪುತ್ತಾರಾ ಅಂತ ಕೇಳಿದ್ದೀರಿ.

ನಾನು ಇಂಥ ಗುಂಪುಗಳನ್ನು ನಡೆಸುವ ಕೆಲಸದಲ್ಲೇ ಇದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಭಾಷಣದಿಂದ ಶುರು ಮಾಡಬೇಡಿ. ಮೊದಲು ಒಂದು ಕೋಣೆ ಹುಡುಕಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಅದೇ ಬಡಾವಣೆಯ ಒಬ್ಬ ಅಕ್ಕ ಪ್ರತಿ ವಾರ ತಪ್ಪದೆ ಅಲ್ಲಿರಲಿ. ಈ ಮೂರೂ ನಿಂತ ಮೇಲೆ ಪಾಠ.

ಯಾಕೆ ಅಂದರೆ, ಒಂದೇ ಕೋಣೆಯ ಮನೆಯಲ್ಲಿ ಐದಾರು ಜನ ಇರುವಾಗ ಹುಡುಗಿಗೆ ಬಟ್ಟೆ ಬದಲಾಯಿಸಲೂ ಜಾಗ ಇರುವುದಿಲ್ಲ, ಅಮ್ಮನ ಹತ್ತಿರ ಏನಾದರೂ ಕೇಳಲೂ ಜಾಗ ಇರುವುದಿಲ್ಲ. ಹೊರಗೆ ಬಂದರೆ ಮೂಲೆ ಮೂಲೆಯಲ್ಲೂ ಹುಡುಗರು. ಬೇರೆ ಯಾರೂ ಬಾಗಿಲು ತೆಗೆದು ಒಳಗೆ ಬರಲ್ಲ ಅನ್ನುವ ಒಂದು ಗಂಟೆ ಸಿಕ್ಕಿದರೆ, ಅದೇ ಅವರಿಗೆ ದೊಡ್ಡ ವಿಷಯ. ಬೇರೆ ಬೇರೆ ದೇಶಗಳಲ್ಲಿ ಹುಡುಗರೂ ಹುಡುಗಿಯರೂ ಬರಬಹುದಾದ ‘ಯುವ ಕೇಂದ್ರ’ಗಳು ಅಂತ ತೆರೆದು ನೋಡಿದ್ದಾರೆ. ಅವುಗಳಿಗೆ ಜಾಸ್ತಿ ಬಂದವರು ಅಕ್ಕಪಕ್ಕದಲ್ಲೇ ಇರುವ, ವಯಸ್ಸಿನಲ್ಲಿ ದೊಡ್ಡವರಾದ ಹುಡುಗರು. ಒಂದು ಸಲ ಸಭೆ ಸೇರಿಸಿ ಹೇಳಿ ಕಳಿಸುವುದರಿಂದಲೂ ನಡವಳಿಕೆ ಬದಲಾಗುವುದು ತೀರಾ ಕಡಿಮೆ.

ಇನ್ನೊಂದು ಮಾತು. ನೀವು ಬಾಗಿಲು ತೆರೆದ ತಕ್ಷಣ ಬರುವವರು ಶಾಲೆಗೆ ಹೋಗುವ, ಸ್ವಲ್ಪ ಧೈರ್ಯದ ಹುಡುಗಿಯರು. ಅವರೂ ಬರಲಿ. ಆದರೆ ಶಾಲೆ ಬಿಟ್ಟವಳು, ಬೇರೆಯವರ ಮನೆಯಲ್ಲಿ ಕೆಲಸಕ್ಕಿರುವವಳು, ಊರಿಂದ ಒಬ್ಬಳೇ ಬಂದವಳು, ಹದಿನಾರಕ್ಕೇ ಮದುವೆಯಾದವಳು ತಾವಾಗಿ ಬರುವುದಿಲ್ಲ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ‘ಬಿರುಹ್ ತೆಸ್ಫಾ’ ಅನ್ನುವ ಕಾರ್ಯಕ್ರಮ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಅಲ್ಲಿಯ ಕೊಳೆಗೇರಿಗಳಲ್ಲಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಶಾಲೆಗೆ ಹೋಗದ ಹುಡುಗಿಯರನ್ನು ಹುಡುಕಿದರು. ಮನೆಗೆಲಸದ ಹುಡುಗಿಯರಿಗಾಗಿ ಯಜಮಾನರ ಹತ್ತಿರ ಮಾತಾಡಿ ಬಿಡುವು ಕೇಳಿದರು. ನೀವೂ ಮೊದಲ ಕೆಲವು ವಾರ ಅದನ್ನೇ ಮಾಡಿ. ಬೀದಿ ಬೀದಿ ತಿರುಗಿ, ಯಾವ ಮನೆಯಲ್ಲಿ ಯಾವ ವಯಸ್ಸಿನ ಹುಡುಗಿ ಇದ್ದಾಳೆ, ಅವಳಿಗೆ ಯಾವಾಗ ಬಿಡುವು ಅಂತ ಬರೆದುಕೊಳ್ಳಿ. ಎಷ್ಟೋ ಹುಡುಗಿಯರು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಾರೆ. ಮಗು ತರಬೇಡ ಅಂದರೆ ಅವಳೂ ಬರಲ್ಲ. ಪಕ್ಕದಲ್ಲಿ ಆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಿ.

10ರಿಂದ 14 ವರ್ಷದವರನ್ನೂ 15ರಿಂದ 19ರವರನ್ನೂ ಒಟ್ಟಿಗೆ ಕೂರಿಸಬೇಡಿ. ಚಿಕ್ಕವರಿಗೆ ಮುಟ್ಟಿನ ಬಗ್ಗೆ ಮೊದಲ ಮುಟ್ಟಿಗಿಂತ ಮುಂಚೆಯೇ ಗೊತ್ತಾಗಬೇಕು. ದೊಡ್ಡವರ ಪ್ರಶ್ನೆಗಳೇ ಬೇರೆ.

ಪ್ರಶ್ನೆಗಳನ್ನು ಹೊರಗೆ ತರುವುದಕ್ಕೆ ಚೀಟಿ ಡಬ್ಬಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ಅದನ್ನು ಮಾಡುವ ರೀತಿ ಮುಖ್ಯ. ‘ಪ್ರಶ್ನೆ ಇದ್ದವರು ಬರೆಯಿರಿ’ ಅಂದರೆ ಪೆನ್ನು ಹಿಡಿದವಳನ್ನೇ ಎಲ್ಲರೂ ನೋಡುತ್ತಾರೆ. ಅದಕ್ಕೆ ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಡುತ್ತೇವೆ. ಪ್ರಶ್ನೆ ಇಲ್ಲದವಳು ‘ಇವತ್ತು ನಾನು ಕೇಳಬೇಕಾದದ್ದು ಏನೂ ಇಲ್ಲ’ ಅಂತ ಬರೆಯಬೇಕು. ಹಾಗಾಗಿ ಎಲ್ಲರ ಕೈಯೂ ಓಡುತ್ತಿರುತ್ತದೆ. ಬರೆಯಲು ಬಾರದವಳು ಆಮೇಲೆ ಅಕ್ಕನ ಕಿವಿಯಲ್ಲಿ ಹೇಳುತ್ತಾಳೆ. ಚೀಟಿಗಳನ್ನು ಅಲ್ಲೇ ತೆರೆಯುವುದಿಲ್ಲ. ಅಕ್ಕ ಮನೆಗೆ ಒಯ್ದು, ಗೊತ್ತಿಲ್ಲದ್ದನ್ನು ನರ್ಸ್ ಹತ್ತಿರ ಕೇಳಿಕೊಂಡು, ಮುಂದಿನ ವಾರ ತನ್ನ ಮಾತಿನಲ್ಲಿ ಉತ್ತರ ಹೇಳುತ್ತಾಳೆ.

ಅದರಲ್ಲಿ ಬರುವುದು ಏನು ಗೊತ್ತಾ? ಬಿಳಿ ಸೆರಗು ಹೋಗುವುದು ಕಾಯಿಲೆಯಾ. ಎರಡು ತಿಂಗಳು ಮುಟ್ಟಾಗಿಲ್ಲ, ನಾನೇನೂ ತಪ್ಪು ಮಾಡಿಲ್ಲ, ಆದರೂ ಹೆದರಿಕೆ. ಮುತ್ತು ಕೊಟ್ಟರೆ ಬಸಿರಾಗುತ್ತಾ. ಮಾವ ಮೈ ಮುಟ್ಟಿದರೆ ಯಾರಿಗೆ ಹೇಳಬೇಕು. ಮೊದಲ ಎರಡಕ್ಕೆ ಸುಲಭದ ಉತ್ತರ ಇದೆ. ತೆಳ್ಳಗಿನ ಬಿಳಿ ಸೆರಗು ಸಹಜ. ತುರಿಕೆ, ಕೆಟ್ಟ ವಾಸನೆ, ಮೊಸರಿನ ಹಾಗೆ ಗಟ್ಟಿ ಇದ್ದರೆ ತೋರಿಸಬೇಕು. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ. ಇಷ್ಟು ಮಾತಿಗೆ ಆ ಹುಡುಗಿ ಎಷ್ಟು ದಿನ ಒಬ್ಬಳೇ ಹೆದರಿಕೊಂಡು ಕೂತಿದ್ದಳೋ ಅಂತ ನೆನೆದರೆ ಸಂಕಟವಾಗುತ್ತದೆ.

ಕೊನೆಯ ಚೀಟಿಗೆ ನೀವು ಮೊದಲೇ ತಯಾರಾಗಿರಬೇಕು. ‘ಯಾರಿಗೂ ಹೇಳಲ್ಲ’ ಅಂತ ಯಾವ ಹುಡುಗಿಗೂ ಮಾತು ಕೊಡಬೇಡಿ. ‘ನಿನಗೆ ಅಪಾಯ ಇದೆ ಅನಿಸಿದರೆ ನಾನು ಸಹಾಯ ಮಾಡುವವರಿಗೆ ಹೇಳಲೇಬೇಕು, ಆದರೆ ನಿನಗೆ ಮೊದಲು ತಿಳಿಸಿಯೇ ಹೇಳುತ್ತೇನೆ’ ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿ. ಯಾವುದನ್ನು ವರದಿ ಮಾಡಲೇಬೇಕು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿ ತಿಳಿದುಕೊಂಡೇ ಕೆಲಸ ಶುರು ಮಾಡಿ. ಅತ್ಯಾಚಾರವಾದರೆ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ತುರ್ತು ಗರ್ಭನಿರೋಧಕ ಐದು ದಿನದೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇವು ಎಲ್ಲಿ ಸಿಗುತ್ತವೆ ಅನ್ನುವುದು ಅಕ್ಕನಿಗೆ ಬಾಯಿಪಾಠ ಇರಬೇಕು. ಆಮೇಲೆ ಹುಡುಕಲು ಟೈಮ್ ಇರುವುದಿಲ್ಲ.

ಆಸ್ಪತ್ರೆಯ ವಿಷಯವೂ ಹೀಗೆಯೇ. ವಿಳಾಸ ಕೊಟ್ಟು ಕಳಿಸಿದರೆ ಹುಡುಗಿ ಹೋಗಲ್ಲ. ಕೌಂಟರ್‌ನಲ್ಲಿ ಎಲ್ಲರ ಮುಂದೆ ‘ಯಾತಕ್ಕೆ ಬಂದೆ? ಮದುವೆ ಆಗಿದೆಯಾ?’ ಅಂತ ಜೋರಾಗಿ ಕೇಳುತ್ತಾರೆ, ಅವಳು ಅಲ್ಲಿಂದಲೇ ವಾಪಸ್. ಮೊದಲ ಸಲ ಅಕ್ಕ ಜೊತೆಗೆ ಹೋಗಲಿ. ಅದಕ್ಕೂ ಮುಂಚೆ ಅಲ್ಲಿಯ ಒಬ್ಬ ನರ್ಸ್ ಅನ್ನು ನಿಮ್ಮ ಕೋಣೆಗೆ ಕರೆದುಕೊಂಡು ಬನ್ನಿ. ಮುಖ ಪರಿಚಯ ಆದರೆ ಅರ್ಧ ಭಯ ಹೋಗುತ್ತದೆ.

ತಾಯಂದಿರು ಒಪ್ಪುತ್ತಾರೆ, ಆದರೆ ಅವರನ್ನು ಮೊದಲು ಕೇಳಬೇಕು. ‘ಇದೆಲ್ಲಾ ಹೇಳಿಕೊಟ್ಟರೆ ಹುಡುಗಿಯರು ಕೆಡುತ್ತಾರೆ’ ಅನ್ನುವ ಮಾತು ಬಂದೇ ಬರುತ್ತದೆ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ: ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಜಾಸ್ತಿಯಾಗುವುದಿಲ್ಲ. ಆದರೂ ತಾಯಂದಿರಿಗೆ ಸುಮ್ನೆ ವರದಿ ಓದಿ ಹೇಳುವುದಕ್ಕಿಂತ, ನೀವು ತೋರಿಸುವ ಚಿತ್ರಗಳನ್ನೇ ಅವರ ಮುಂದೆ ಇಡಿ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯಿಂದ ಮಾತು ಶುರು ಮಾಡುವುದೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮುಖ್ಯವಾಗಿ 9ರಿಂದ 14 ವರ್ಷದ ಹುಡುಗಿಯರಿಗೆ ಹೇಳುತ್ತದೆ. ಮಗಳಿಗೆ ಲಸಿಕೆ ಅಂದರೆ ಬರುವ ತಾಯಿ, ತನ್ನದೇ ಪ್ರಶ್ನೆಗಳನ್ನೂ ತರುತ್ತಾಳೆ.

ಆರೋಗ್ಯದ ಪಾಠ ಮಾತ್ರ ಸಾಕಾ? ನನ್ನ ಪ್ರಕಾರ ಸಾಲದು. ಉಗಾಂಡಾದಲ್ಲಿ ಬಾಂಗ್ಲಾದೇಶ ಮೂಲದ ಬ್ರ್ಯಾಕ್ ಅನ್ನುವ ಸ್ವಯಂಸೇವಾ ಸಂಸ್ಥೆ 2008ರಿಂದ ಹುಡುಗಿಯರ ಕ್ಲಬ್‌ಗಳನ್ನು ನಡೆಸಿತು. ಲೈಂಗಿಕ ಆರೋಗ್ಯದ ಜೊತೆಗೆ ಕೈಕೆಲಸವನ್ನೂ ಕಲಿಸಿತು. ನಾಲ್ಕು ವರ್ಷದ ನಂತರ ಕ್ಲಬ್ ಇದ್ದ ಕಡೆ ಹದಿಹರೆಯದ ಬಸಿರು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಇಷ್ಟವಿಲ್ಲದೆ ಲೈಂಗಿಕ ಸಂಬಂಧಕ್ಕೆ ಒಳಗಾದೆ ಎಂದವರ ಪಾಲೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗಿತ್ತು. ಕೈಯಲ್ಲಿ ನಾಲ್ಕು ಕಾಸಿದ್ದರೆ ಬೇಡ ಅನ್ನುವುದು ಸುಲಭ, ಅಲ್ವಾ? ಅದೇ ಮಾದರಿ ಟಾಂಜಾನಿಯಾದಲ್ಲಿ ಅಂಥ ಫಲ ಕೊಡಲಿಲ್ಲ. ಹಾಗಾಗಿ ಹೆಸರು ಒಂದೇ ಇದ್ದರೆ ಸಾಲದು, ನಡೆಸುವ ರೀತಿ ನೋಡಬೇಕು.

ಪ್ಯಾಡ್ ಬಗ್ಗೆ: ಹಂಚಿ, ಬೇಡ ಅನ್ನುವುದಿಲ್ಲ. ಆದರೆ ಎಷ್ಟು ಪ್ಯಾಡ್ ಹಂಚಿದೆವು ಅನ್ನುವ ಲೆಕ್ಕದ ಪಕ್ಕದಲ್ಲಿ ಇನ್ನೂ ಎರಡು ಲೆಕ್ಕ ಇಡಿ. ಆರು ತಿಂಗಳ ಹಿಂದೆ ಸೇರಿದವರಲ್ಲಿ ಈಗಲೂ ಎಷ್ಟು ಜನ ಬರುತ್ತಿದ್ದಾರೆ, ಎಷ್ಟು ಜನ ಆಸ್ಪತ್ರೆಗೆ ಎರಡನೇ ಸಲ ತಾವಾಗಿ ಹೋದರು. ದುಡ್ಡು ಕಡಿಮೆ ಇದ್ದರೆ ಇನ್ನೊಂದು ಬೀದಿಗೆ ಹರಡಲು ಹೋಗಬೇಡಿ. ಇಪ್ಪತ್ತು ಹುಡುಗಿಯರ ಒಂದೇ ಗುಂಪನ್ನು ಎರಡು ವರ್ಷ ನಡೆಸಿ, ಆ ಅಕ್ಕನಿಗೆ ತಿಂಗಳು ತಿಂಗಳು ಸರಿಯಾದ ಸಂಬಳ ಕೊಡಿ.