ಮೂತ್ರಪಿಂಡ ತಜ್ಞರಿಗೆ ಹಾಸಿಗೆಯ ಬಳಿಯ ಅಲ್ಟ್ರಾಸೌಂಡ್ ಕಲಿಸುವುದು ಹೇಗೆ?

ಬೀದರಿನ ಡಯಾಲಿಸಿಸ್ ಘಟಕವೊಂದನ್ನು ನೋಡಿಕೊಳ್ಳುತ್ತಿರುವ ನೀವು, ಕಿರಿಯ ನೆಫ್ರಾಲಜಿ ವೈದ್ಯರಿಗೆ ಹಾಸಿಗೆಯ ಬಳಿಯಲ್ಲೇ ಅಲ್ಟ್ರಾಸೌಂಡ್ ಮಾಡುವುದನ್ನು ಕಲಿಸಲು ಎರಡು ದಿನಗಳ ಕಾರ್ಯಾಗಾರ ಸಾಕೇ, ಮೂತ್ರಪಿಂಡದಿಂದಲೇ ಆರಂಭಿಸಬೇಕೇ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಇದೇ ಕೆಲಸದಲ್ಲಿರುವ ನನ್ನ ಅಭಿಪ್ರಾಯದಲ್ಲಿ ಶ್ವಾಸಕೋಶದಿಂದ ಆರಂಭಿಸುವುದು ಮೇಲು, ಮತ್ತು ಅದಕ್ಕೆ ನಿಮ್ಮ ಡಯಾಲಿಸಿಸ್ ಘಟಕಕ್ಕಿಂತ ಒಳ್ಳೆಯ ತರಗತಿ ಬೇರೆ ಇಲ್ಲ.

ಏಕೆಂದರೆ ಒಂದೇ ರೋಗಿಯ ಮೈಯಿಂದ ಎಷ್ಟು ನೀರು ಹೋಯಿತೆಂಬುದನ್ನು ನಾಲ್ಕು ಗಂಟೆಯೊಳಗೆ ಅಳೆದು ತಿಳಿಯುವ ಅವಕಾಶ ನಮಗಿದೆ. ಸೇಡಂನಿಂದಲೋ ಆಳಂದದಿಂದಲೋ ಬೆಳಗಿನ ಬಸ್ಸಿಗೆ ಬಂದ ರೋಗಿಯನ್ನು ಯಂತ್ರಕ್ಕೆ ಜೋಡಿಸುವ ಮೊದಲು ಕಿರಿಯ ವೈದ್ಯರು ಪಕ್ಕೆಲುಬುಗಳ ನಡುವೆ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರದ ತುದಿ) ಇಡಲಿ. ಶ್ವಾಸಕೋಶದ ಹೊರಪದರದ ಗೆರೆ ಉಸಿರಿನೊಂದಿಗೆ ಜಾರುವುದೂ, ಅಲ್ಲಿಂದ ಬಿ-ಲೈನ್‌ಗಳು, ಅಂದರೆ ಶ್ವಾಸಕೋಶದಲ್ಲಿ ನೀರು ತುಂಬಿದಾಗ ಮೂಡುವ ಬೆಳ್ಳನೆಯ ಗೆರೆಗಳು, ಪರದೆಯ ತಳದವರೆಗೆ ಇಳಿಯುವುದೂ ಕಾಣುತ್ತದೆ. ಒಂದೇ ಜಾಗದಲ್ಲಿ ಅಂಥವು ಮೂರು ಅಥವಾ ಹೆಚ್ಚಿದ್ದರೆ ಅಸಹಜ. ಎರಡು-ಮೂರು ಲೀಟರ್ ನೀರು ತೆಗೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಪ್ರೋಬ್ ಇಡಿಸಿ, ಗೆರೆಗಳ ಎಣಿಕೆಯನ್ನೂ ತೂಕವನ್ನೂ ಒಟ್ಟಿಗೆ ಬರೆಸಿ. ನೀರು ಹೋದರೂ ಕದಲದ ಗೆರೆಗಳಿದ್ದರೆ ನ್ಯುಮೋನಿಯಾ ಅಥವಾ ಫೈಬ್ರೋಸಿಸ್ (ಶ್ವಾಸಕೋಶ ಗಡುಸಾಗುವ ರೋಗ) ಇರಬಹುದೆಂಬ ಅನುಮಾನ ಆಗ ಅವರಿಗೇ ಮೂಡುತ್ತದೆ.

ಆದರೂ ಸ್ಕ್ಯಾನ್ ಒಂದನ್ನೇ ನಂಬಿ ಡ್ರೈ ವೇಟ್ (ಹೆಚ್ಚುವರಿ ನೀರೆಲ್ಲ ಹೋದ ಮೇಲೆ ರೋಗಿಗೆ ಇರಬೇಕಾದ ತೂಕ) ನಿರ್ಧರಿಸಬಾರದೆಂದು ಮೊದಲೇ ಹೇಳಿ. ಹೃದಯದ ಅಪಾಯ ಹೆಚ್ಚಿರುವ ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಲಸ್ಟ್ ಎಂಬ ಅಧ್ಯಯನದಲ್ಲಿ, ಶ್ವಾಸಕೋಶದ ಸ್ಕ್ಯಾನ್ ನೋಡಿ ಚಿಕಿತ್ಸೆ ಕೊಟ್ಟಾಗ ಶ್ವಾಸಕೋಶದ ನೀರೇನೋ ಕಡಿಮೆಯಾಯಿತು, ಆದರೆ ಸಾವು, ಹೃದಯಾಘಾತ, ಹೃದಯ ವೈಫಲ್ಯಗಳನ್ನು ಒಟ್ಟಿಗೆ ಎಣಿಸಿದ ಮುಖ್ಯ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮೂತ್ರಪಿಂಡದ ವಿಷಯದಲ್ಲಿ ಎರಡೇ ಪ್ರಶ್ನೆಗಳು ಸಾಕು: ಮೂತ್ರ ಕಟ್ಟಿಕೊಂಡು ಒಳಭಾಗ ಹಿಗ್ಗಿದೆಯೇ, ಮೂತ್ರಪಿಂಡ ಕುಗ್ಗಿ ಪರದೆಯಲ್ಲಿ ಬೆಳ್ಳಗೆ ಕಾಣುತ್ತಿದೆಯೇ. ನಮ್ಮ ಕಡೆಯ ಬೇಸಿಗೆಯಲ್ಲಿ ಹೊಲದ ಕೆಲಸದವರು ಮೂತ್ರ ನಿಂತು ಬಂದಾಗ, ಅದು ನೀರಿನ ಕೊರತೆಯೋ ಹರಳಿನ ಅಡ್ಡಿಯೋ ಎಂಬುದಕ್ಕೆ ಮೊದಲ ಪ್ರಶ್ನೆ ದಾರಿ ತೋರಿಸುತ್ತದೆ. ಮೂತ್ರಕೋಶವನ್ನು ಮೊದಲು ನೋಡುವ ಅಭ್ಯಾಸ ಮಾಡಿಸಿ, ಅದು ತುಂಬಿದ್ದರೂ ಮೂತ್ರಪಿಂಡ ತುಸು ಹಿಗ್ಗಿದಂತೆ ಕಾಣುತ್ತದೆ. ತೀರಾ ಬತ್ತಿದ ರೋಗಿಯಲ್ಲಿ ಅಡ್ಡಿಯಿದ್ದೂ ಹಿಗ್ಗು ಕಾಣದಿರಬಹುದು. ಐವಿಸಿ (ಕೆಳಗಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ) ಮತ್ತು ಫಿಸ್ಟುಲಾ (ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಮಾಡಿದ ರಕ್ತನಾಳದ ಜೋಡಣೆ) ಪರೀಕ್ಷೆಗಳು ಆಮೇಲೆ ಬರಲಿ.

ಎರಡು ದಿನಗಳಲ್ಲಿ ಪ್ರೋಬ್ ಹಿಡಿಯುವುದು ಬರುತ್ತದೆ, ನೋಡಿದ್ದನ್ನು ಅರ್ಥೈಸುವುದು ಬರುವುದಿಲ್ಲ. ಅದಕ್ಕೆ ಪ್ರತಿ ಸ್ಕ್ಯಾನಿನ ವಿಡಿಯೊ ತುಣುಕನ್ನು ಉಳಿಸಿಟ್ಟು ವಾರಕ್ಕೊಮ್ಮೆ ರೇಡಿಯಾಲಜಿಸ್ಟ್ ಜೊತೆ ಕುಳಿತು ನೋಡುವ ಏರ್ಪಾಡು ಬೇಕು. ಇನ್ನೊಂದು ಮಾತು: ಶ್ವಾಸಕೋಶವನ್ನಷ್ಟೇ ನೋಡುವುದಾದರೂ ಅಲ್ಟ್ರಾಸೌಂಡ್ ಯಂತ್ರವು 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ (ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು) ನೋಂದಣಿಯಾಗಿರಲೇಬೇಕು, ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರವನ್ನೂ ನೋಂದಾಯಿತ ಆವರಣದಿಂದ ಹೊರಗೆ ಒಯ್ಯುವಂತಿಲ್ಲ. ಯಂತ್ರ ಕೊಳ್ಳುವ ಮುನ್ನವೇ ಈ ಕಾಯ್ದೆಯ ಜಿಲ್ಲಾ ಸಕ್ಷಮ ಪ್ರಾಧಿಕಾರದ ಕಚೇರಿಗೆ ಹೋಗಿ, ಯಾರ್ಯಾರು ಅದನ್ನು ಬಳಸಬಹುದೆಂದು ಬರಹದಲ್ಲಿ ಪಡೆದುಕೊಳ್ಳಿ.